ಶರದೃತುವಿನ ಅಡಿಕೆ ಕೊಯ್ಲು: ಕೊನೆಗಾರನ ಸುರಕ್ಷತೆ ಕುರಿತು ಒಂದು ವಿವೇಚನೆ

ಮಲೆನಾಡಿನಲ್ಲಿ ಆಶ್ವಯುಜ–ಕಾರ್ತಿಕವೆಂದರೆ ಅಡಿಕೆ ಕೊಯ್ಲು ಶುರುವಾಗುವ ಕಾಲ. ಕೆಂಪಡಿಕೆಗೆ ಬೇಕಾದ ಕಾಯಿ ಹಣ್ಣಾಗುವ ಮೊದಲೇ ಇಳಿಯಬೇಕು; ಬಲಿತುಹೋದರೆ ದರ್ಜೆಯೂ ದರವೂ ಇಳಿಯುತ್ತವೆ. ಹೀಗಾಗಿ ಶಿರಸಿ, ಸಾಗರ, ತೀರ್ಥಹಳ್ಳಿಯ ಕಡೆ ಎಲ್ಲರ ತೋಟಕ್ಕೂ ಕೊನೆಗಾರ, ಅಂದರೆ ಮರವೇರಿ ಅಡಿಕೆ ಕೊನೆ ಇಳಿಸುವವನು, ಒಮ್ಮೆಲೇ ಬೇಕಾಗುತ್ತಾನೆ. ಅವನು ಮರದಿಂದ ಬಿದ್ದರೆ ‘ಕೈ ಜಾರಿತು’, ‘ಹಣೆಬರಹ’ ಎಂದು ಮಾತು ಮುಗಿಸುವ ರೂಢಿಯಿದೆ. ಆ ಜಾರುವಿಕೆಯ ಬೇರು ಕೊಯ್ಲಿನ ವೇಳೆಯಲ್ಲೂ ಕೂಲಿಯ ಲೆಕ್ಕದಲ್ಲೂ ಇದೆ ಎಂಬುದು ಈ ಲೇಖನದ ಪ್ರತಿಪಾದನೆ.

1. ಋತು ಮತ್ತು ಮರ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಅಡಿಕೆ ಮರದ ಮೈಮೇಲೆ ಹಾವಸೆ ಕಟ್ಟಿರುತ್ತದೆ. ಚಿತ್ತೆ, ಸ್ವಾತಿ ಮಳೆಗಳು ಮಧ್ಯಾಹ್ನದ ಮೇಲೆ ಗುಡುಗಿನೊಂದಿಗೆ ಸುರಿದು ಹೋಗುತ್ತವೆ, ಬೆಳಗ್ಗೆ ಇಬ್ಬನಿ. ಕೊನೆಗಾರ ಎರಡೂ ಪಾದಗಳನ್ನು ತಳೆಗೆ (ಕಾಲಿಗೆ ಹಾಕುವ ಬಳೆಯಂಥ ಹಗ್ಗಕ್ಕೆ) ಸೇರಿಸಿ, ಅಂಗಾಲಿನಿಂದ ಮರವನ್ನು ಅವುಚಿ, ತೋಳಿನ ಬಲದಿಂದ ಮೈಯನ್ನು ಮೇಲಕ್ಕೆಳೆದುಕೊಳ್ಳುತ್ತಾನೆ. ಇಡೀ ದೇಹದ ಭಾರ ನಿಂತಿರುವುದು ಅಂಗಾಲು ಮತ್ತು ತೊಗಟೆಯ ನಡುವಿನ ಘರ್ಷಣೆಯ ಮೇಲೆ. ನೆನೆದ ಹಾವಸೆ ಆ ಹಿಡಿತವನ್ನೇ ಕಸಿಯುತ್ತದೆ. 15 ಮೀಟರ್ ಎತ್ತರದಿಂದ ಬಿದ್ದವನು ಎರಡು ಸೆಕೆಂಡಿನೊಳಗೆ, ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ನೆಲ ಮುಟ್ಟುತ್ತಾನೆ. ಬುಡದಲ್ಲಿ ಅಣಬೆ ರೋಗ ತಗುಲಿದ ಮರ, ಬಿಸಿಲಿಗೆ ಸೀಳಿದ ಮರ ಏರುವವನ ಭಾರಕ್ಕೆ ಮುರಿಯಲೂಬಹುದು.

2. ಕೂಲಿ ಮತ್ತು ಬೆಲ್ಟ್

ಕೊನೆಗಾರನಿಗೆ ಅನೇಕ ಕಡೆ ಮರದ ಅಥವಾ ಕೊನೆಯ ಲೆಕ್ಕದಲ್ಲಿ ಕೂಲಿ. ನುರಿತವನು ಒಂದು ಮರವನ್ನು ಬಾಗಿಸಿ, ಪಕ್ಕದ ಮರವನ್ನು ಹಿಡಿದು, ಕೆಳಗಿಳಿಯದೆಯೇ ದಾಟುತ್ತಾನೆ. ಸುರಕ್ಷಾ ಬೆಲ್ಟ್ ಕಟ್ಟಿದರೆ ಪ್ರತಿ ಸಲ ದಾಟುವಾಗಲೂ ಬಿಚ್ಚಿ ಕಟ್ಟಬೇಕು. ಇಲ್ಲವೇ ಇಳಿದು ಮತ್ತೆ ಏರಬೇಕು. ಅಂದರೆ ಸುರಕ್ಷತೆಯ ಬೆಲೆಯನ್ನು ಅವನು ತನ್ನ ದಿನದ ದುಡಿಮೆಯಿಂದಲೇ ತೆರಬೇಕಾಗುತ್ತದೆ. ಬೆಲ್ಟ್ ಗೋಡೆಯ ಮೊಳೆಗೆ ನೇತುಬೀಳುವುದಕ್ಕೆ ಅವನ ಉಡಾಫೆಯನ್ನು ದೂರುವುದು ನ್ಯಾಯವಲ್ಲ.

3. ದೋಟಿ ತಂದ ಬದಲಾವಣೆ

ಇತ್ತೀಚೆಗೆ ಬಳಕೆಗೆ ಬಂದ ಕಾರ್ಬನ್ ಫೈಬರ್ ದೋಟಿ ನೆಲದಲ್ಲೇ ನಿಂತು ಕೊಯ್ಯಲು ಅನುವು ಮಾಡಿಕೊಟ್ಟಿದೆ. ಇದು ದೊಡ್ಡ ಉಪಕಾರ. ಆದರೆ ಅಲ್ಯೂಮಿನಿಯಂನಂತೆ ಕಾರ್ಬನ್ ಫೈಬರ್ ಕೂಡ ವಿದ್ಯುತ್ ಹರಿಸುತ್ತದೆ. ಮೇಲೆ ಕೊನೆಯನ್ನೇ ದಿಟ್ಟಿಸುವ ಕಣ್ಣಿಗೆ ತೋಟದ ನಡುವೆ ಹಾದ ತಂತಿ ಕಾಣುವುದಿಲ್ಲ. ತಂತಿ ಹಾದಲ್ಲಿ ವಿದ್ಯುತ್ ಕಡಿತವಾಗಿದೆಯೆಂದು ಖಚಿತವಾಗುವವರೆಗೆ ದೋಟಿ ಎತ್ತಬಾರದು; ಗುಡುಗು ಕೇಳಿದೊಡನೆ ಕೆಲಸ ನಿಲ್ಲಬೇಕು.

4. ಕಾನೂನಿನ ಅಂಚು

2025ರವರೆಗೆ ಜಾರಿಯಲ್ಲಿದ್ದ 1951ರ ತೋಟ ಕಾರ್ಮಿಕರ ಕಾಯ್ದೆ ನೇರವಾಗಿ ಹೆಸರಿಸಿದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ ತೋಟಗಳನ್ನು. ಅದೂ ನಿಗದಿತ ವಿಸ್ತೀರ್ಣಕ್ಕೆ ಮೇಲ್ಪಟ್ಟವನ್ನು. ಎರಡು–ಮೂರು ಎಕರೆಯ ಅಡಿಕೆ ತೋಟಗಳನ್ನು ಸುತ್ತುವ ಕೊನೆಗಾರನಿಗೆ ಅಂಥ ಒಬ್ಬ ಮಾಲೀಕನೂ ಇಲ್ಲ, ಅಂಥ ರಕ್ಷಣೆಯೂ ಇಲ್ಲ.

ಸಮಾರೋಪ

ಆದ್ದರಿಂದ ಪರಿಹಾರ ಕೊಯ್ಲಿನ ಮಾತುಕತೆಯಲ್ಲೇ ಸೇರಬೇಕು: ಬೆಲ್ಟ್ ಕಟ್ಟಿ ಏರುವ ಮರಕ್ಕೆ ಹೆಚ್ಚಿನ ದರ, ಅಪಘಾತ ವಿಮೆಯ ಕಂತು ಬೆಳೆಗಾರನ ಖರ್ಚಿಗೆ, ಮತ್ತು ಮರ ಒಣಗುವವರೆಗೆ ಕಾಯುವ ಹೊತ್ತಿಗೂ ಕೂಲಿ. ಬೆಳಗ್ಗೆ ತೋಟಕ್ಕಿಳಿದ ಬೆಳೆಗಾರ ಮೊದಲು ತನ್ನ ಅಂಗೈಯನ್ನು ಮರಕ್ಕೆ ಒತ್ತಿ ನೋಡಲಿ. ತಣ್ಣಗೆ ಒದ್ದೆ ತಾಗಿದರೆ ಕೊನೆಗಾರನನ್ನು ಅಂಗಳದಲ್ಲಿ ಕೂರಿಸಿ ಇನ್ನೊಂದು ಲೋಟ ಚಹಾ ಕೊಡಲಿ; ಆ ಗಂಟೆಯನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಡಲಿ.