ಪನಾಮಾ ಕಾಲುವೆಯಲ್ಲಿ ವಿಹಾರನೌಕೆಗಳ ಸಂಚಾರ

ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಜೋಡಿಸುವ, ಸುಮಾರು 80 ಕಿ.ಮೀ. ಉದ್ದದ ಪನಾಮಾ ಕಾಲುವೆಯು 1914ರಲ್ಲಿ ಸಂಚಾರಕ್ಕೆ ತೆರೆಯಿತು. ಸರಕು ಹಡಗುಗಳಿಗಾಗಿ ನಿರ್ಮಿತವಾದ ಈ ಮಾರ್ಗವನ್ನು ಖಾಸಗಿ ವಿಹಾರನೌಕೆಗಳೂ ಬಳಸುತ್ತವೆ. ಇದರಿಂದ, ಬಿರುಗಾಳಿಗೆ ಹೆಸರಾದ ಹಾರ್ನ್ ಭೂಶಿರವನ್ನು ಸುತ್ತುವ ಪ್ರಯಾಸ ತಪ್ಪುತ್ತದೆ.

ಸಿದ್ಧತೆ

ಕಾಲುವೆ ಪ್ರಾಧಿಕಾರದ ಸಿಬ್ಬಂದಿಯು ಮೊದಲು ನೌಕೆಯನ್ನು ಅಳೆಯುತ್ತಾರೆ. ಶುಲ್ಕ ಪಾವತಿಯ ಬಳಿಕ ಸಂಚಾರದ ದಿನ ನಿಗದಿಯಾಗುತ್ತದೆ. 65 ಅಡಿಗಿಂತ ಚಿಕ್ಕ ನೌಕೆಗೆ ಪ್ರಾಧಿಕಾರವು ಒಬ್ಬ ಮಾರ್ಗಸಲಹೆಗಾರರನ್ನು ಕಳುಹಿಸುತ್ತದೆ. ಚುಕ್ಕಾಣಿ ಹಿಡಿಯುವವರಲ್ಲದೆ ಹಗ್ಗ ನಿರ್ವಹಿಸಲು ನಾಲ್ವರು ಹಾಗೂ 125 ಅಡಿ ಉದ್ದದ ನಾಲ್ಕು ಹಗ್ಗಗಳು ಇರಬೇಕು.

ಸಂಚಾರ

ಕಾಲುವೆಯ ನಡುವಿನ ಗಾಟುನ್ ಸರೋವರವು ಸಮುದ್ರಮಟ್ಟಕ್ಕಿಂತ ಸುಮಾರು 26 ಮೀಟರ್ ಎತ್ತರದಲ್ಲಿದೆ. ಅಟ್ಲಾಂಟಿಕ್ ಕಡೆಯಿಂದ ಬರುವ ನೌಕೆಯು 'ಲಾಕ್' ಎಂಬ ಬಾಗಿಲುಗಳುಳ್ಳ ಮೂರು ಕೋಣೆಗಳ ಮೂಲಕ ಹಂತಹಂತವಾಗಿ ಅಲ್ಲಿಗೆ ಏರುತ್ತದೆ. ಕೋಣೆಯ ತಳದಿಂದ ನೀರು ನುಗ್ಗುವಾಗ ಸುಳಿಗಳೇಳುತ್ತವೆ. ಆಗ ಹಗ್ಗ ಸಡಿಲವಾದರೆ ನೌಕೆಯು ಗೋಡೆಗೆ ಅಪ್ಪಳಿಸಬಹುದು. ಆದ್ದರಿಂದ ನೀರು ಏರಿದಂತೆ ನಾಲ್ವರೂ ಒಟ್ಟಾಗಿ ಹಗ್ಗವನ್ನು ಬಿಗಿಗೊಳಿಸುತ್ತಾರೆ. ಪೆಸಿಫಿಕ್ ಕಡೆ ಪೆಡ್ರೊ ಮಿಗೆಲ್‌ನ ಒಂದು ಮತ್ತು ಮಿರಾಫ್ಲೋರೆಸ್‌ನ ಎರಡು ಕೋಣೆಗಳಲ್ಲಿ ಇಳಿಯುವಾಗ ಹಗ್ಗವನ್ನು ಮೆಲ್ಲನೆ ಬಿಡಬೇಕು. ಅನೇಕ ನೌಕೆಗಳು ರಾತ್ರಿ ಸರೋವರದಲ್ಲಿ ತಂಗಿ, ಎರಡು ದಿನಗಳಲ್ಲಿ ಕಾಲುವೆಯನ್ನು ದಾಟುತ್ತವೆ.

ಲಾಕ್‌ಗಳಿಗೆ ನೀರು ಪಂಪುಗಳಿಲ್ಲದೆ, ಮಳೆಯಿಂದ ತುಂಬುವ ಸರೋವರದಿಂದಲೇ ಹರಿದುಬರುತ್ತದೆ. ಹೀಗಾಗಿ 2023ರ ಬರಗಾಲದಲ್ಲಿ ದಿನವೊಂದಕ್ಕೆ ಸಾಗುವ ಹಡಗುಗಳ ಸಂಖ್ಯೆಯನ್ನು ಕಡಿತಗೊಳಿಸಲಾಯಿತು.