ಸಿಮ್ಯುಲೇಟರ್ ಚಲನಾಕ್ಷಗಳ ಟ್ಯೂನಿಂಗ್

ಮನೆಯಲ್ಲಿ ಕಟ್ಟಿಕೊಂಡ ರೇಸಿಂಗ್ ಅಥವಾ ವಿಮಾನ ಸಿಮ್ಯುಲೇಟರಿನಲ್ಲಿ ಸೀಟನ್ನು ಅಲುಗಿಸುವ ಮೋಟಾರುಗಳು ಯಾವ ಸಂಕೇತಕ್ಕೆ, ಎಷ್ಟರಮಟ್ಟಿಗೆ, ಎಷ್ಟು ಬೇಗ ಸ್ಪಂದಿಸಬೇಕೆಂದು ಗೊತ್ತುಮಾಡುವ ಕೆಲಸವೇ ಚಲನಾಕ್ಷಗಳ ಟ್ಯೂನಿಂಗ್. ಅಕ್ಷಗಳು ಆರು: ಮೂಗು ಏರಿಳಿಯುವ ಪಿಚ್, ಪಕ್ಕಕ್ಕೆ ವಾಲುವ ರೋಲ್, ಎಡಬಲಕ್ಕೆ ತಿರುಗುವ ಯಾ, ಹಿಂದುಮುಂದಿನ ಸರ್ಜ್, ಅಡ್ಡಡ್ಡ ಸರಿಯುವ ಸ್ವೇ, ಮೇಲೆಕೆಳಗಿನ ಹೀವ್. ವಾಹನ ಚಲಿಸಿದಂತೆಯೇ ಸೀಟೂ ಚಲಿಸಿದರೆ ಆಯಿತಲ್ಲ ಎಂದು ಯಾರಿಗಾದರೂ ತೋರುತ್ತದೆ. ಈ ವಿದ್ಯೆ ಬೆಳೆದದ್ದು ಆ ಎಣಿಕೆಯನ್ನು ಬಿಟ್ಟುಕೊಡುತ್ತಲೇ.

ಅಮೆರಿಕದ ಬಿಂಗ್‌ಹ್ಯಾಮ್‌ಟನ್‌ನಲ್ಲಿ ಪಿಯಾನೊ, ಆರ್ಗನ್ ತಯಾರಿಸುವ ಮನೆತನದ ಎಡ್ವಿನ್ ಲಿಂಕ್ 1929ರಲ್ಲಿ ಆರ್ಗನ್ನಿನ ತಿದಿಗಳನ್ನೇ ಬಳಸಿ ವಾಲಾಡುವ ತರಬೇತಿ ಯಂತ್ರ ಕಟ್ಟಿದ. ಮೊದಮೊದಲು ಅದಕ್ಕೆ ಗಿರಾಕಿಗಳು ಸಿಕ್ಕಿದ್ದು ಮನರಂಜನಾ ಉದ್ಯಾನಗಳಲ್ಲಿ. 1934ರಲ್ಲಿ ಅಂಚೆ ಸಾಗಿಸುತ್ತಿದ್ದ ಸೇನಾ ಪೈಲಟ್‌ಗಳು ಸಾಲಾಗಿ ಸತ್ತ ಮೇಲೆ ಸೇನೆ ಆರು ಯಂತ್ರ ಕೊಂಡಿತು. ವಿಮಾನ ವಾಲಿದರೆ ಲಿಂಕ್ ಯಂತ್ರವೂ ವಾಲುತ್ತಿತ್ತು. ಆದರೆ ಸರಿಯಾಗಿ ತಿರುಗುತ್ತಿರುವ ವಿಮಾನದಲ್ಲಿ ಪೈಲಟ್ ಪಕ್ಕಕ್ಕೆ ಜಾರುವುದಿಲ್ಲ, ಸೀಟಿಗೆ ನೇರ ಒತ್ತಿಕೊಳ್ಳುತ್ತಾನೆ. ನೆಲದ ಮೇಲೆ ವಾಲಿ ನಿಂತ ಪೆಟ್ಟಿಗೆಯಲ್ಲಿ ಜಾರಿದಂತೆಯೇ ಅನಿಸುತ್ತದೆ. ಭಂಗಿಯನ್ನು ನಕಲು ಮಾಡಿದರೆ ಅನುಭವ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. ಆಟದಲ್ಲಿನ ಕಾರಿನ ವಾಲುವ ಕೋನವನ್ನೇ ನೇರ ರೋಲ್ ಅಕ್ಷಕ್ಕೆ ಜೋಡಿಸುವವರು ಇವತ್ತಿಗೂ ಮಾಡುವ ತಪ್ಪು ಇದೇ.

ಆರೂ ಅಕ್ಷ ಕೊಡುವ ಆರು ಕಾಲಿನ ವೇದಿಕೆಯನ್ನು 1950ರ ದಶಕದಲ್ಲಿ ಡನ್‌ಲಪ್ ಕಂಪನಿಯ ಎರಿಕ್ ಗಫ್ ಟೈರ್ ಪರೀಕ್ಷೆಗೆಂದು ಕಟ್ಟಿದ್ದ, ಡಿ. ಸ್ಟೀವರ್ಟ್ ವಿಮಾನ ಸಿಮ್ಯುಲೇಟರಿಗೆಂದು ಪ್ರಬಂಧ ಬರೆದದ್ದು 1965ರಲ್ಲಿ. ಹೆಸರು ಮಾತ್ರ ಸ್ಟೀವರ್ಟನಿಗೇ ಅಂಟಿಕೊಂಡಿತು, ಗಫ್‌ಗೆ ಇದು ಅನ್ಯಾಯವೇ. ಅಕ್ಷಗಳು ಪೂರ್ತಿ ಸಿಕ್ಕರೂ ಜಾಗ ಸಿಗಲಿಲ್ಲ. ನಡುವಿನಿಂದ 5 ಸೆಂಟಿಮೀಟರ್ ಮಾತ್ರ ಸರಿಯಬಲ್ಲ ಸೀಟು ಅರ್ಧ ಜಿ (ಗುರುತ್ವದ ಅರ್ಧದಷ್ಟು) ವೇಗೋತ್ಕರ್ಷ ತೋರಿಸಲು ಹೊರಟರೆ, ನಿಲ್ಲಿಸಲು ಜಾಗವನ್ನೇ ಇಡದಿದ್ದರೂ ಸುಮಾರು 0.14 ಸೆಕೆಂಡಿನಲ್ಲಿ ಅಂಚು ಮುಟ್ಟುತ್ತದೆ. ಆದ್ದರಿಂದ ಎಳೆತದ ಆರಂಭವನ್ನಷ್ಟೇ ಕೊಟ್ಟು, ತಿಳಿಯದಂತೆ ಸೀಟನ್ನು ನಡುವಿಗೆ ತರುವ ‘ವಾಷ್‌ಔಟ್’ ಫಿಲ್ಟರ್ ಬಂತು. ನಾಸಾಕ್ಕಾಗಿ ಸ್ಮಿಟ್ ಮತ್ತು ಕಾನ್ರಡ್ 1970ರಲ್ಲಿ ಇದನ್ನು ವಿವರಿಸಿದರು, 1985ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ರೀಡ್ ಮತ್ತು ನಹಾನ್ ವಿಸ್ತರಿಸಿದರು. ಮುಂದುವರಿಯುವ ಎಳೆತಕ್ಕೆ ಸೀಟನ್ನು ನಿಧಾನವಾಗಿ ಓರೆಮಾಡಿ ಗುರುತ್ವವನ್ನೇ ಎರವಲು ಪಡೆಯುತ್ತಾರೆ. 10 ಡಿಗ್ರಿ ಓರೆಯಾದರೆ ಸಿಗುವುದು 0.17 ಜಿ. ಓರೆಯಾಗುತ್ತಿದ್ದೇವೆಂದು ಒಳಗಿವಿಗೆ ತಿಳಿಯಬಾರದಾದರೆ ವೇಗ ಸೆಕೆಂಡಿಗೆ ಸುಮಾರು 3 ಡಿಗ್ರಿ ಮೀರಬಾರದು.

ವಿಮಾನಕ್ಕೆ ಈ ಸಾವಕಾಶ ಒಗ್ಗುತ್ತದೆ, ರೇಸಿಗಲ್ಲ. ಕಾರಿನ ಬ್ರೇಕು ಅಷ್ಟು ಹೊತ್ತು ಕಾಯುವುದಿಲ್ಲ. ನಾಲ್ಕು ಮೂಲೆಗೆ 100 ಮಿಲಿಮೀಟರ್ ಎತ್ತಿಳಿಸುವ ಆಕ್ಚುಯೇಟರ್ ಇಟ್ಟ ಒಂದು ಮೀಟರ್ ಅಂತರದ ಚೌಕಟ್ಟಿಗೆ ಓರೆಯಿಂದ ದಕ್ಕುವುದು ಹೆಚ್ಚೆಂದರೆ 0.1 ಜಿ, ಫಾರ್ಮುಲಾ ಒನ್ ಬ್ರೇಕಿನದು 4 ಜಿಗೂ ಮಿಗಿಲು. ಹಾಗಾದರೆ ಸಂಕೇತವನ್ನು ಹಿಗ್ಗಿಸುವ ಗೇನ್ ಏರಿಸೋಣ ಎನ್ನುವುದು ಸಾಮಾನ್ಯ ವಾದ. ಏರಿಸಿದರೆ ಆಕ್ಚುಯೇಟರ್ ಮಿತಿಗೆ ಬಡಿದು, ಗಟ್ಟಿ ಬ್ರೇಕಿಗೂ ಮೆದು ಬ್ರೇಕಿಗೂ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಪ್ರಮಾಣ ಚಿಕ್ಕದಾದರೂ ಅನುಪಾತ ಉಳಿದರೆ ದೇಹ ಅದನ್ನು ಓದಬಲ್ಲದು. ಸಂಕೇತವನ್ನು ನಯಗೊಳಿಸುವ ಸ್ಮೂದಿಂಗ್ ಹೆಚ್ಚಿಸಿದರೂ ಅಪಾಯವಿದೆ: ನಡುಕ ಇಳಿಯುತ್ತದೆ, ಆದರೆ ಸುದ್ದಿ ತಡವಾಗುತ್ತದೆ.

ಚಲನೆಯೇ ಬೇಕೇ ಎಂಬ ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಅಮೆರಿಕದ ವೋಲ್ಪ್ ಸಾರಿಗೆ ಕೇಂದ್ರದ ಜೂಡಿತ್ ಬ್ಯುರ್ಕಿ-ಕೋಹೆನ್ ನಡೆಸಿದ ಪ್ರಯೋಗಗಳಲ್ಲಿ ವಾಣಿಜ್ಯ ಪೈಲಟ್‌ಗಳ ಮರುತರಬೇತಿಗೆ ವೇದಿಕೆಯ ಚಲನೆಯಿಂದ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಇದನ್ನು ಒಪ್ಪಲೇಬೇಕು, ಆದರೆ ಅಲ್ಲಿ ಅಳೆದದ್ದು ಪಳಗಿದವರ ಕೌಶಲ. ಹಿಂಬದಿ ಚಕ್ರ ಜಾರುವುದನ್ನು ಅರಿಯುವ ಪ್ರಶ್ನೆ ಬೇರೆ: ಪರದೆಯ ದೃಶ್ಯವೊಂದರಿಂದಲೇ ತಾನು ಚಲಿಸುತ್ತಿದ್ದೇನೆಂಬ ಭಾವ ಮೂಡಲು ಕೆಲವು ಸೆಕೆಂಡು ಬೇಕಾಗಬಹುದು, ಒಳಗಿವಿಗೆ ಅಷ್ಟು ಬೇಡ. ಕೆಟ್ಟ ಟ್ಯೂನಿಂಗಿಗಿಂತ ಅಲುಗದ ಸೀಟೇ ವಾಸಿ ಎಂಬುದೂ ನಿಜ. ವಿಆರ್ ಹೆಡ್‌ಸೆಟ್ ಬಂದ ಮೇಲಂತೂ ಸೀಟು ವಾಲಿದ್ದನ್ನು ಹೆಡ್‌ಸೆಟ್ ತಲೆ ವಾಲಿದ್ದೆಂದೇ ಎಣಿಸುತ್ತದೆ. ಹಾಗಾಗಿ ಸೀಟಿಗೊಂದು ಟ್ರ್ಯಾಕರ್ ಕಟ್ಟಿ, ಅದರ ಚಲನೆಯನ್ನು ದೃಶ್ಯದಿಂದ ಕಳೆಯುವ ಕೆಲಸವೂ ಟ್ಯೂನಿಂಗಿಗೆ ಸೇರಿಕೊಂಡಿದೆ.