ನಾಡಿನ ಹೆಸರು, ರಾಜ್ಯದ ಹೆಸರು

ಕಾಸರಗೋಡಿನ ಕನ್ನಡಿಗರಾದ ನಮ್ಮನ್ನು ಎರಡು ಪ್ರಶ್ನೆಗಳು ಸದಾ ಹಿಂಬಾಲಿಸುತ್ತವೆ. ತೆಂಕಣ ಜಿಲ್ಲೆಗಳಿಗೆ ಹೋದರೆ, ಕನ್ನಡದ ಮಾತು ಕೇಳಿದವರು “ತಾವು ಕರ್ನಾಟಕದವರೇ?” ಎನ್ನುತ್ತಾರೆ. ಬೆಂಗಳೂರಿಗೆ ಹೋದರೆ, “ಕೇರಳದವರಾಗಿ ಇಷ್ಟು ಚೆನ್ನಾಗಿ ಕನ್ನಡ ಕಲಿತದ್ದು ಹೇಗೆ?” ಎಂಬ ಮೆಚ್ಚುಗೆ ದೊರೆಯುತ್ತದೆ. ಎರಡರಲ್ಲಿಯೂ ದ್ವೇಷವಿಲ್ಲ, ಇರುವುದು ಒಂದೇ ಗೊಂದಲ. ನಾಡಿನ ಹೆಸರು ಬೇರೆ, ರಾಜ್ಯದ ಹೆಸರು ಬೇರೆ ಎಂಬುದನ್ನು ಮರೆತಾಗ ಹುಟ್ಟುವ ಗೊಂದಲವದು.

ಈ ಭೇದವನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದುದೆಂದು ಗುರುತಿಸಿತು, ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನೆಲವನ್ನು ತಿರುಳ್ಗನ್ನಡದ ನೆಲೆಯೆಂದಿತು. ಆ ಕೃತಿ ಹುಟ್ಟಿದ್ದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಆ ವಂಶದ ಆಳ್ವಿಕೆ ಗುಜರಾತಿನವರೆಗೂ ಚಾಚಿತ್ತು. ಆದರೂ ಗ್ರಂಥಕಾರನು ದೊರೆಯ ಗಡಿಯನ್ನು ನಾಡಿನ ಗಡಿಯೆನ್ನಲಿಲ್ಲ. ನಾಡನ್ನು ಅಳೆಯಲು ಅವನು ಬಳಸಿದ್ದು ನದಿಯನ್ನು ಮತ್ತು ನುಡಿಯನ್ನು.

ರಾಜ್ಯವನ್ನು ಅನುಸರಿಸಿ ಹೋದ ಹೆಸರು ಎಲ್ಲಿಗೆ ಹೋಗಿ ನಿಲ್ಲಬಹುದೆಂಬುದಕ್ಕೆ ‘ಕರ್ನಾಟಿಕ್’ ಎಂಬ ಪದವೇ ನಿದರ್ಶನ. ವಿಜಯನಗರವು ಕರ್ಣಾಟ ಸಾಮ್ರಾಜ್ಯವೆಂದು ಪ್ರಸಿದ್ಧವಾಗಿತ್ತು. 1565ರ ಯುದ್ಧದ ಬಳಿಕ ಅದರ ರಾಜಧಾನಿ ಪೆನುಕೊಂಡೆಗೂ, ಅಲ್ಲಿಂದ ಚಂದ್ರಗಿರಿಗೂ ಸರಿಯಿತು. ಹೆಸರೂ ಅದರೊಡನೆ ಮೂಡಣಕ್ಕೆ ಸರಿಯಿತು. ಅನಂತರ ಬಂದ ಸುಲ್ತಾನರ ಅಧಿಕಾರಿಗಳು ಘಟ್ಟದ ಮೇಲಣ ಸೀಮೆಯನ್ನು ಕರ್ನಾಟಕ ಬಾಲಾಘಾಟ್ ಎಂದೂ ಕೆಳಗಣ ಬಯಲನ್ನು ಕರ್ನಾಟಕ ಪಾಯಿನ್‌ಘಾಟ್ ಎಂದೂ ಕರೆದರು. ಆ ಬಯಲನ್ನಾಳಿದ ಆರ್ಕಾಟಿನ ನವಾಬನು ‘ಕರ್ನಾಟಿಕ್ ನವಾಬ’ನಾದನು. 1746ರಿಂದ 1763ರವರೆಗೆ ಇಂಗ್ಲಿಷರೂ ಫ್ರೆಂಚರೂ ನಡೆಸಿದ ಮೂರು ‘ಕರ್ನಾಟಿಕ್ ಯುದ್ಧ’ಗಳು ಹೆಚ್ಚಾಗಿ ನಡೆದದ್ದು ಮದರಾಸು, ಆರ್ಕಾಟು, ತಿರುಚಿರಾಪಳ್ಳಿ, ವಂದವಾಸಿಗಳ ತಮಿಳು ಸೀಮೆಯಲ್ಲಿ. ಆ ಹೆಸರನ್ನು ಪಠ್ಯಪುಸ್ತಕದಲ್ಲಿ ಓದುವ ನಮ್ಮ ಮಕ್ಕಳು ಅವು ಧಾರವಾಡದಲ್ಲೋ ಮೈಸೂರಿನಲ್ಲೋ ನಡೆದುವೆಂದು ಭಾವಿಸಿದರೆ ತಪ್ಪು ಅವರದಲ್ಲ.

ಕರಾವಳಿಯ ‘ಕೆನರಾ’ ಎಂಬ ಹೆಸರಿನ ಕಥೆ ಇನ್ನೂ ವಿಚಿತ್ರ. ಪೋರ್ಚುಗೀಸರ ಬಾಯಲ್ಲಿ ‘ಕನ್ನಡ’ವೇ ‘ಕನರಾ’ ಆಯಿತು. ಆ ಪದದಿಂದ ಹೊರಟ ‘ಕನಾರಿಂ’ ಎಂಬ ಹೆಸರನ್ನು ಅವರು ಗೋವೆಯ ಜನರಿಗೂ ಅವರ ನುಡಿಗೂ ಅಂಟಿಸಿದರು. ಥಾಮಸ್ ಸ್ಟೀಫನ್ಸ್ ಪಾದ್ರಿ ರಚಿಸಿದ, 1640ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ ‘ಕನಾರಿಂ’ ಭಾಷೆಯ ವ್ಯಾಕರಣವು ಕನ್ನಡದ್ದಲ್ಲ, ಕೊಂಕಣಿಯದು! 1799ರಲ್ಲಿ ಟಿಪ್ಪುವಿನ ಪತನಾನಂತರ ಕಂಪನಿಯು ಕರಾವಳಿಯನ್ನು ಪಡೆದು ಕೆನರಾ ಜಿಲ್ಲೆಯೆಂದಿತು. ಅದು ಮುಂದೆ ಇಬ್ಭಾಗವಾಗಿ, 1862ರಲ್ಲಿ ಉತ್ತರ ಭಾಗ ಮುಂಬಯಿಗೆ ಸೇರಿತು, ದಕ್ಷಿಣ ಭಾಗ ಮದರಾಸಿನಲ್ಲಿ ಉಳಿಯಿತು. ಕಾಸರಗೋಡು ಆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು.

ಘಟ್ಟದ ಮೇಲೆಯೂ ಇದೇ ಪರಿ. ಕನ್ನಡವೇ ಜನರ ನುಡಿಯಾಗಿದ್ದ ಧಾರವಾಡ, ಬೆಳಗಾವಿಗಳ ಕಡೆಯ ಸೀಮೆಗೆ ಆಂಗ್ಲರ ದಫ್ತರಗಳಲ್ಲಿ ‘ದಕ್ಷಿಣ ಮರಾಠಾ ದೇಶ’ವೆಂಬ ಹೆಸರಿತ್ತು, ಮರಾಠರಿಂದ ಗೆದ್ದುದೆಂಬುದೇ ಅದಕ್ಕೆ ಆಧಾರ. ಈ ಹೆಸರುಗಳ ರಾಶಿಯಿಂದ ‘ಕರ್ನಾಟಕ’ವನ್ನು ಮರಳಿ ನುಡಿಯ ನೆಲೆಗೆ ತಂದವರು ಏಕೀಕರಣದ ಹಿರಿಯರು. 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಥೆ ‘ಕರ್ಣಾಟಕ ಸಾಹಿತ್ಯ ಪರಿಷತ್ತು’ ಎಂದು ಹೆಸರಾಂತಿತು. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು. ಆಗ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಅವರ ಕರ್ನಾಟಕದಲ್ಲಿ ಕಾಸರಗೋಡು, ಸೊಲ್ಲಾಪುರ, ಆದವಾನಿಗಳಿಗೂ ಸ್ಥಾನವಿತ್ತು.

ಅನಂತರ ರಾಜ್ಯ ಬಂದಿತು, ನಾಡಿಗಿಂತ ಚಿಕ್ಕದಾಗಿ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರುವಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದುವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಏಕೀಕೃತ ರಾಜ್ಯವು ‘ಮೈಸೂರು’ ಎಂಬ ಹೆಸರನ್ನೇ ಹದಿನೇಳು ವರ್ಷ ಧರಿಸಿ, 1973ರ ನವೆಂಬರ್ 1ರಂದು ‘ಕರ್ನಾಟಕ’ವಾಯಿತು. ಅದು ಸಂತಸದ ದಿನವೇ. ಆದರೆ ಅಂದಿನಿಂದ ನಾಡಿನ ಪ್ರಾಚೀನ ಹೆಸರು ಒಂದು ರಾಜ್ಯದ ಹೆಸರೂ ಆದುದರಿಂದ, ಗೆರೆಯ ಹೊರಗುಳಿದ ನಾವು ಹೆಸರಿನಿಂದಲೂ ಹೊರಗುಳಿದವರಂತೆ ಕಾಣತೊಡಗಿದೆವು.

ಮಂಜೇಶ್ವರದ ಗೋವಿಂದ ಪೈಗಳನ್ನು ಇಲ್ಲಿ ನೆನೆಯಬೇಕು. 1949ರಲ್ಲಿ ಅವರಿಗೆ ರಾಷ್ಟ್ರಕವಿ ಬಿರುದನ್ನಿತ್ತದ್ದು ಮದರಾಸು ಸರಕಾರ. 1963ರಲ್ಲಿ ಅವರು ತೀರಿಕೊಂಡಾಗ ಮಂಜೇಶ್ವರ ಕೇರಳದಲ್ಲಿತ್ತು. ಮೈಸೂರು ರಾಜ್ಯಕ್ಕಾಗಲಿ ಇಂದಿನ ಕರ್ನಾಟಕಕ್ಕಾಗಲಿ ಆ ಊರು ಎಂದೂ ಸೇರಿರಲಿಲ್ಲ. ಹಾಗೆಂದು ಅವರನ್ನು ಕನ್ನಡನಾಡಿನವರಲ್ಲವೆನ್ನುವ ಧೈರ್ಯ ಯಾರಿಗಿದೆ?

ಆದುದರಿಂದ ನಮ್ಮ ಮಕ್ಕಳಿಗೆ ಎರಡು ಉತ್ತರಗಳನ್ನೂ ಕಲಿಸೋಣ. ಅರ್ಜಿಯಲ್ಲಿ ರಾಜ್ಯ ಯಾವುದೆಂದು ಕೇಳಿದರೆ ಕೇರಳವೆಂದು ಸಂಕೋಚವಿಲ್ಲದೆ ಬರೆಯಲಿ; ಮಾತೃಭಾಷೆ ಯಾವುದೆಂದು ಕೇಳಿದರೆ ಕನ್ನಡವೆಂದು ಅಷ್ಟೇ ನಿಸ್ಸಂಕೋಚವಾಗಿ ಬರೆಯಲಿ. ಮೊದಲನೆಯದನ್ನು ಸರಕಾರಗಳು ಬದಲಿಸಿವೆ, ಮುಂದೆಯೂ ಬದಲಿಸಬಹುದು. ಎರಡನೆಯದು ಉಳಿಯುವುದೂ ಅಳಿಯುವುದೂ ನಮ್ಮ ಮನೆಯೊಳಗಿನ ಮಾತಿನಲ್ಲಿದೆ.